ನಮ್ಮ ಕಾಗದಕ್ಕೆ ಅನ್ಯರ ಬೀಗ

ಪಹಣಿಗಾಗಿ ಗ್ರಾಮ ಲೆಕ್ಕಿಗರ ಬೆನ್ನು ಹತ್ತಿದ ಕಾಲವನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಿರಿಯ ರೈತರು ಮರೆತಿರಲಾರರು. ಹೊಲ ನಮ್ಮದೇ, ದಾಖಲೆಯೂ ನಮ್ಮದೇ; ಆದರೂ ಎಷ್ಟೋ ಕಡೆ ಕೈ ಬಿಸಿ ಮಾಡದೆ ಕಾಗದ ಹೊರಬರುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು, ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದಾಗ ಆ ಬೀಗ ಮುರಿಯಿತೆಂದು ನಾವೆಲ್ಲ ನಂಬಿದೆವು. ಆದರೆ ಕಂಪ್ಯೂಟರಿನ ಕಡತಕ್ಕೇ ಬೀಗ ಜಡಿದು ಹಣ ಕೇಳುವ ವಿದ್ಯೆ ಅದಕ್ಕೂ ಹತ್ತು ವರ್ಷ ಮೊದಲೇ ಹುಟ್ಟಿತ್ತು. ಅದರ ಹೆಸರು ರ್‍ಯಾನ್ಸಮ್‌ವೇರ್.

1989ರಲ್ಲಿ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿ ಏಡ್ಸ್ ಕುರಿತ ಮಾಹಿತಿಯೆಂದು ಹೇಳಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಹಂಚಿದ. ಕಂಪ್ಯೂಟರನ್ನು 90 ಬಾರಿ ಚಾಲೂ ಮಾಡಿದ ಮೇಲೆ ಕಡತಗಳ ಹೆಸರುಗಳು ಕಲಸಿಹೋಗುತ್ತಿದ್ದವು. 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳಿಸಬೇಕಿತ್ತು. ಸುಲಿಗೆಗೂ ರಸೀದಿ ಕೊಡುವಂಥ ಮುಗ್ಧ ಕಾಲ! ಬೀಗ ಹಾಕಿದ ಕೀಲಿಕೈಯಿಂದಲೇ ಅದು ತೆರೆಯುತ್ತಿತ್ತು, ತಜ್ಞರು ಬೇಗ ಬಿಡಿಸಿದರು. ಹಾಕುವ ಕೀಲಿಕೈ ಒಂದು, ತೆರೆಯುವುದು ಇನ್ನೊಂದು ಆದರೆ ಏನಾದೀತೆಂದು 1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಚ್ಚರಿಸಿದರು. 2013ರ ಕ್ರಿಪ್ಟೋಲಾಕರ್ ಆ ಎರಡು ಕೀಲಿಕೈಗಳ ಜೊತೆ ಬಿಟ್‌ಕಾಯಿನ್ ಸೇರಿಸಿತು. ತೆರೆಯುವ ಕೀಲಿಕೈ ದರೋಡೆಕೋರನ ಬಳಿಯೇ ಉಳಿಯಿತು. ಹಣ ಪಡೆದವನ ವಿಳಾಸ ಹಿಡಿಯುವುದೂ ಕಷ್ಟವಾಯಿತು.

2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈಗೆ ಯಾರೂ ಯಾವ ಕಡತವನ್ನೂ ತೆರೆಯಬೇಕಾಗಿರಲಿಲ್ಲ. ವಿಂಡೋಸಿನ ಕಡತ ಹಂಚಿಕೆಯಲ್ಲಿದ್ದ ದೋಷವೊಂದರ ಮೂಲಕ ಅದು ಯಂತ್ರದಿಂದ ಯಂತ್ರಕ್ಕೆ ತಾನೇ ಹಾರುತ್ತಿತ್ತು. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಹಾಕಿತ್ತು, ಹಾಕಿಸಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ನೆರೆಯ ವಯನಾಡಿನ ತರಿಯೋಡು ಪಂಚಾಯಿತಿಯ ಪರದೆಗಳ ಮೇಲೂ 300 ಡಾಲರಿನ ಬೇಡಿಕೆ ಮೂಡಿತು.

ಇದನ್ನು ಗುರುತಿಸುವುದು ಹೇಗೆ? ಪರದೆಯ ಮೇಲೆ ಬೇಡಿಕೆ ಬರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಅದಕ್ಕೂ ಮುಂಚಿನ ಸುಳಿವುಗಳನ್ನು ನೋಡಬೇಕು. ಒಂದು ಯಂತ್ರ 445ನೇ ಪೋರ್ಟಿನ ಮೂಲಕ ಕಂಡಕಂಡ ವಿಳಾಸಗಳ ಬಾಗಿಲು ತಟ್ಟತೊಡಗುತ್ತದೆ. ಕ್ಷಣಗಳಲ್ಲಿ ನೂರಾರು ಕಡತಗಳು ಬದಲಾಗಿ, ಹೆಸರಿನ ಕೊನೆಗೆ ಅಪರಿಚಿತ ಬಾಲ ಅಂಟುತ್ತದೆ, ವಾನ್ನಾಕ್ರೈನದು 'ಡಬ್ಲ್ಯುಎನ್‌ಸಿಆರ್‌ವೈ'. ವಿಂಡೋಸ್ ತಾನಾಗಿ ಇಟ್ಟುಕೊಂಡ ಹಳೆಯ ಪ್ರತಿಗಳೂ ಅಳಿಯುತ್ತವೆ. ಇವು ಕಂಡೊಡನೆ ನೆಟ್‌ವರ್ಕಿನ ತಂತಿ ಕಿತ್ತುಬಿಡಬೇಕು. ಕಡತ ಮರಳಿ ಸಿಗಬೇಕಾದರೆ ಬೇರೆಡೆ, ತಂತಿಯ ಸಂಪರ್ಕವಿಲ್ಲದೆ, ಪ್ರತಿ ಇರಬೇಕು.

ಹೀಗಿದ್ದರೂ ಗ್ರಾಹಕನ ಕೈಯಲ್ಲಿ ಎಲ್ಲವೂ ಇಲ್ಲ. 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಅಡ್ಡಿಯಾಯಿತು. ಸಹಕಾರ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳೇ ಅವುಗಳಲ್ಲಿ ಹೆಚ್ಚು. ದಾಳಿಯ ಪೆಟ್ಟು ಬಿದ್ದದ್ದು ಅವುಗಳಿಗೆ ತಾಂತ್ರಿಕ ಸೇವೆ ಕೊಡುತ್ತಿದ್ದ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಗೆ. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಆ ಸಂಸ್ಥೆಯ ಸಂಪರ್ಕವನ್ನೇ ಕಡಿದುಹಾಕಿತು, ಮರುದಿನ ಮತ್ತೆ ಜೋಡಿಸಿತು. ಬ್ಯಾಂಕಿನಲ್ಲಿ ಹಣ ಇಟ್ಟವರಿಗೆ ಆ ಸಂಸ್ಥೆಯ ಹೆಸರೇ ಗೊತ್ತಿರಲಿಕ್ಕಿಲ್ಲ.