ಇಟಲಿಯ ಪ್ರಾಂತಗಳ ದ್ರಾಕ್ಷಾರಸವೂ ಭೋಜನವೂ

ಇಟಲಿ ಎಂಬುದು ಹಳೆಯ ಹೆಸರಾದರೂ ರಾಜ್ಯವಾಗಿ ಹೊಸದು. 1861ರಲ್ಲಿ ಅದು ಒಂದೇ ರಾಜ್ಯವೆಂದು ಸಾರಲ್ಪಟ್ಟಿತು; ರೋಮ್ ನಗರವು ಅದರಲ್ಲಿ ಸೇರಿದ್ದು 1870ರಲ್ಲಿ. ಅದಕ್ಕೆ ಮೊದಲು ಶತಮಾನಗಟ್ಟಲೆ ಅಲ್ಲಿ ಇದ್ದುವು ಅರಸರ, ನಗರಗಳ, ಪೋಪನ ಆಳಿಕೆಗೆ ಒಳಪಟ್ಟ ಬಿಡಿ ನಾಡುಗಳು. ಆ ಗಡಿಗಳು ಭೂಪಟದಿಂದ ಅಳಿಸಿಹೋದುವು. ಊಟದ ಮೇಜಿನ ಮೇಲಿಂದ ಇನ್ನೂ ಹೋಗಿಲ್ಲ. ಯಾವ ಸೀಮೆಯ ಅಡಿಗೆಯೋ ಆ ಸೀಮೆಯ ದ್ರಾಕ್ಷಾರಸ ಎಂಬುದು ಅಲ್ಲಿನ ಮನೆಗಳ ವಾಡಿಕೆ. ರಸಿಕರು ಕುಳಿತು ಕಟ್ಟಿದ ನಿಯಮವಲ್ಲ ಇದು. ನೆಲದ ಗುಣವೂ ರೈತನ ಬಡತನವೂ ಕೂಡಿ ರೂಪಿಸಿದ ನಡೆವಳಿಕೆ. ಇದನ್ನು ಮರೆತಾಗ ಏನಾಯಿತೆಂಬುದೂ ಚರಿತ್ರೆಯಲ್ಲಿ ದಾಖಲಾಗಿದೆ.

ಸ್ಥಳವನ್ನು ನೋಡಿ ರಸವನ್ನು ಬೆಲೆಕಟ್ಟುವ ಪದ್ಧತಿ ರೋಮನರ ಕಾಲದಷ್ಟು ಹಳೆಯದು. ಕ್ರಿ. ಪೂ. 2ನೆಯ ಶತಮಾನದಲ್ಲಿ ಕೇಟೋ, ಕ್ರಿ. ಶ. 1ನೆಯ ಶತಮಾನದಲ್ಲಿ ಕೊಲುಮೆಲ್ಲ, ಇವರು ಬೇಸಾಯದ ಗ್ರಂಥಗಳಲ್ಲಿ ದ್ರಾಕ್ಷಿಯ ತೋಟಕ್ಕೆ ದೊಡ್ಡ ಸ್ಥಾನವನ್ನು ಕೊಟ್ಟರು. ಹಿರಿಯ ಪ್ಲಿನಿಯು ತನ್ನ ನಿಸರ್ಗಚರಿತ್ರೆಯ 14ನೆಯ ಪುಸ್ತಕವನ್ನು ದ್ರಾಕ್ಷಿಗೂ ಅದರ ರಸಕ್ಕೂ ಮೀಸಲಿಟ್ಟು, ರಸಗಳನ್ನು ಬೆಟ್ಟಬೆಟ್ಟದ ಹೆಸರು ಹಿಡಿದು ವರ್ಗಮಾಡಿದನು. ಕಂಪಾನಿಯದ ಫಲೇರ್ನುಂ ಆ ಕಾಲದಲ್ಲಿ ಬಹು ಹೆಸರುವಾಸಿಯಾಗಿತ್ತು. ಓಪಿಮಿಯಸನು ಕಾನ್ಸಲನಾಗಿದ್ದ ಕ್ರಿ. ಪೂ. 121ರ ಬೆಳೆಯನ್ನು ರೋಮನರು ತಲೆಮಾರುಗಳವರೆಗೆ ನೆನೆದರು. ಈ ಕೀರ್ತಿ ಸಮುದ್ರವನ್ನೂ ದಾಟಿತು. ಭರುಕಚ್ಛದ ರೇವಿಗೆ ಬರುತ್ತಿದ್ದ ದ್ರಾಕ್ಷಾರಸಗಳಲ್ಲಿ ಇಟಲಿಯದಕ್ಕೇ ಮೊದಲ ಮನ್ನಣೆಯೆಂದು ಗ್ರೀಕ್ ನಾವಿಕನೊಬ್ಬನ ಪೆರಿಪ್ಲಸ್ ಗ್ರಂಥವು ಹೇಳುತ್ತದೆ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರಸವನ್ನು ತುಂಬಿ ತಂದ ರೋಮನ್ ಜಾಡಿಗಳ ಚೂರುಗಳು ದೊರೆತಿವೆ. ಈ ವ್ಯಾಪಾರದ ಹಣ ಕನ್ನಡ ನಾಡಿನ ಒಳಕ್ಕೂ ಹರಿದುದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದ ರೋಮನ್ ನಾಣ್ಯಗಳೇ ಸಾಕ್ಷಿ.

ರೋಮ್ ಸಾಮ್ರಾಜ್ಯವು ಬಿದ್ದ ಮೇಲೆ ದೂರದ ವ್ಯಾಪಾರ ಕುಗ್ಗಿತು. ಮಠಗಳು ಪೂಜೆಗಾಗಿ, ರೈತರು ಊಟಕ್ಕಾಗಿ, ತಮ್ಮ ತಮ್ಮ ನೆಲದಲ್ಲಿಯೇ ದ್ರಾಕ್ಷಿಯನ್ನು ಬೆಳೆದರು. ಟಸ್ಕನಿಯಂಥ ಸೀಮೆಗಳಲ್ಲಿ ಬೆಳೆಯ ಅರ್ಧವನ್ನು ಒಡೆಯನಿಗೆ ಅಳೆದುಕೊಡುವ ಪಾಲುಗಾರಿಕೆ ನಡೆದುಬಂತು. ಒಕ್ಕಲಿಗನು ಒಂದೇ ಹಿಡುವಳಿಯಲ್ಲಿ ಗೋದಿ, ಆಲಿವ್, ದ್ರಾಕ್ಷಿ ಮೂರನ್ನೂ ಬೆಳೆಯಬೇಕಾಗಿತ್ತು. ಊಟಕ್ಕೆ ಹೊಂದದ ರಸವನ್ನು ಕುಡಿಯುವಷ್ಟು, ರಸಕ್ಕೆ ಹೊಂದದ ಊಟವನ್ನು ಉಣ್ಣುವಷ್ಟು ಅನುಕೂಲ ಅವನಿಗೆ ಇರಲಿಲ್ಲ. ಹೀಗೆ ಎರಡೂ ಒಂದನ್ನೊಂದು ತಿದ್ದುತ್ತ ಬಂದುವು.

ಈ ಹೊಂದಾಣಿಕೆಯ ಮರ್ಮವನ್ನು ಷಡ್ರಸಗಳನ್ನು ಬಲ್ಲ ನಮ್ಮ ವಾಚಕರಿಗೆ ವಿವರಿಸುವುದು ಕಷ್ಟವಲ್ಲ. ಎಮಿಲಿಯ ಪ್ರಾಂತವು ಹಂದಿಯ ಕೊಬ್ಬಿಗೂ ಪಾರ್ಮದ ಗಿಣ್ಣಿಗೂ ಹೆಸರಾದುದು. ಅಲ್ಲಿನ ಲಾಂಬ್ರುಸ್ಕೊ ಹಗುರವಾದ, ಹುಳಿಯಾದ, ನೊರೆಯುಕ್ಕುವ ಕೆಂಪು ರಸ; ಅದರ ಹುಳಿಯೂ ನೊರೆಯೂ ನಾಲಗೆಗೆ ಹತ್ತಿದ ಜಿಡ್ಡನ್ನು ತೊಳೆದು ಮುಂದಿನ ತುತ್ತಿಗೆ ಅಣಿಮಾಡುತ್ತವೆ. ಪಿಯೆಮೊಂತೆಯ ಗುಡ್ಡಗಳ ನೆಬ್ಬಿಯೊಲೊ ದ್ರಾಕ್ಷಿಯಿಂದಾಗುವ ಬರೋಲೊ ಬಹು ಒಗರು. ಬರಿದೇ ಕುಡಿದರೆ ಬಾಯಿ ಒಣಗುವುದು. ಅದೇ ರಸದಲ್ಲಿ ಗಂಟೆಗಟ್ಟಲೆ ಬೆಂದ ಗೋಮಾಂಸದೊಡನೆ ಬಂದಾಗ ಆ ಒಗರು ಮಾಂಸದ ಸತ್ತ್ವವನ್ನು ಹಿಡಿದು ಮೆತ್ತಗಾಗುತ್ತದೆ. ನಿತ್ಯದ ಊಟಕ್ಕೆ ಅಲ್ಲಿಯೂ ಒಗರು ಕಡಿಮೆಯಾಗಿ ಹುಳಿ ಹೆಚ್ಚಾದ ಬಾರ್ಬೆರವೇ ಸಾಕು. ಉಪ್ಪಿಲ್ಲದ ರೊಟ್ಟಿ, ಅವರೆಯ ಜಾತಿಯ ಕಾಳು, ಆಲಿವ್ ಎಣ್ಣೆ, ಕೆಂಡದಲ್ಲಿ ಸುಟ್ಟ ಮಾಂಸ, ಇವು ಟಸ್ಕನಿಯ ಊಟ. ಅದಕ್ಕೆ ಸಂಜೊವೇಸೆ ದ್ರಾಕ್ಷಿಯ ಚುರುಕಾದ ಕಿಯಾಂತಿ. ಕಂಪಾನಿಯದ ಕಡಲಕರೆಯ ಮೀನಿಗೆ ಒಳನಾಡಿನ ಬೆಟ್ಟಗಳ ಫಿಯಾನೊ, ಗ್ರೆಕೊ ಎಂಬ ಬಿಳಿಯ ರಸಗಳು ಒಪ್ಪುತ್ತವೆ. ಸಿಹಿತಿಂಡಿಯ ಜೊತೆಗೆ ಬರುವ ರಸವು ತಿಂಡಿಗಿಂತ ಸಿಹಿಯಲ್ಲಿ ಕಡಿಮೆಯಾಗಿರಬಾರದು, ಕಡಿಮೆಯಾದರೆ ಹುಳಿಯೆನಿಸುವುದು. ಆದುದರಿಂದ ಸಿಸಿಲಿಯ ಬಾದಾಮಿಯ ಭಕ್ಷ್ಯಗಳಿಗೆ ಸಿಹಿಯಾದ ಮಾರ್ಸಾಲ.

ವಾಡಿಕೆಯೆಂದರೆ ಎಂದಿಗೂ ಬದಲಾಗದುದೆಂದು ತಿಳಿಯಬಾರದು. ಇಂದು ಇಟಲಿಯ ಗುರುತೇ ಆಗಿರುವ ಟೊಮೇಟೊ 16ನೆಯ ಶತಮಾನದಲ್ಲಿ ಅಮೆರಿಕದಿಂದ ಬಂದುದು. ಅದರ ಹುಳಿಗೆ ಹುಳಿಯಾದ ರಸವೇ ಜೊತೆಯೆಂಬುದನ್ನು ಜನರು ಆಮೇಲೆ ಕಲಿತರು. ಮಾರ್ಸಾಲವನ್ನು ಹೊರದೇಶಗಳಿಗೆ ಪರಿಚಯಮಾಡಿದವನು ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವರ್ತಕ; 1773ರಲ್ಲಿ ಅವನು ಸಮುದ್ರಯಾನದಲ್ಲಿ ಕೆಡದಂತೆ ಸಾರಾಯವನ್ನು ಬೆರಸಿ ಅದನ್ನು ಇಂಗ್ಲೆಂಡಿಗೆ ಕಳುಹಿಸಿದನು. ಹೊಸದು ಬರುವುದು ತಪ್ಪಲ್ಲ. ಬಂದುದು ನೆಲಕ್ಕೂ ಊಟಕ್ಕೂ ಹೊಂದಿಕೊಳ್ಳಬೇಕು.

ಊರಿನ ಹೆಸರನ್ನು ಮೋಸದಿಂದ ಕಾಪಾಡುವ ಪ್ರಯತ್ನವೂ ಹಳೆಯದು. 1716ರಲ್ಲಿ ಟಸ್ಕನಿಯ ಮಹಾಪ್ರಭು ಮೂರನೆಯ ಕೊಸಿಮೊ ದೆ ಮೆದಿಚಿಯು ಕಿಯಾಂತಿಯೇ ಮೊದಲಾದ ನಾಲ್ಕು ಸೀಮೆಗಳಿಗೆ ಎಲ್ಲೆಕಟ್ಟನ್ನು ಗೊತ್ತುಮಾಡಿ ಶಾಸನವನ್ನು ಹೊರಡಿಸಿದನು. ಏಕೀಕೃತ ಇಟಲಿಯ ಮೊದಲ ಇಬ್ಬರು ಪ್ರಧಾನಮಂತ್ರಿಗಳಾದ ಕವೂರ್, ರಿಕಾಸೊಲಿ ಇಬ್ಬರೂ ದ್ರಾಕ್ಷಿಯ ಬೇಸಾಯದಲ್ಲಿ ಆಸಕ್ತರಾದ ಜಮೀನುದಾರರೇ. 1872ರಲ್ಲಿ ರಿಕಾಸೊಲಿಯು ಬರೆದ ಪತ್ರವೊಂದು ಪ್ರಸಿದ್ಧವಾಗಿದೆ. ಸಂಜೊವೇಸೆಯು ಕಿಯಾಂತಿಗೆ ಕಂಪನ್ನೂ ಕಸುವನ್ನೂ ಕೊಡುತ್ತದೆ, ಕನಾಯೊಲೊ ಅದರ ಗಡಸನ್ನು ಇಳಿಸುತ್ತದೆ, ಮಾಲ್ವಸಿಯ ಎಂಬ ಬಿಳಿಯ ದ್ರಾಕ್ಷಿ ನಿತ್ಯದ ಊಟಕ್ಕೆ ತಕ್ಕಂತೆ ಅದನ್ನು ಹಗುರಮಾಡುತ್ತದೆ. ಬಹುಕಾಲ ಇಡುವ ರಸಕ್ಕೆ ಮಾತ್ರ ಮಾಲ್ವಸಿಯ ಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಅವನು ಮೊದಲು ಊಟವನ್ನು ನೋಡಿ ಆಮೇಲೆ ರಸವನ್ನು ಯೋಚಿಸಿದನು.

ಮುಂದಿನ ಕಾಲವು ಈ ವಿವೇಕವನ್ನು ಮರೆಯಿತು. 1879ರಲ್ಲಿ ಫಿಲಾಕ್ಸೆರ ಎಂಬ ಬೇರುಹುಳು ಇಟಲಿಯಲ್ಲಿ ಕಾಣಿಸಿಕೊಂಡಿತು; ತೋಟಗಳನ್ನು ಅಮೆರಿಕದ ಬೇರಿಗೆ ಕಸಿಮಾಡಿ ಮತ್ತೆ ನೆಡಬೇಕಾಯಿತು. ದಕ್ಷಿಣದ ಗಡುಸಾದ ರಸವು ಹೆಸರಿಲ್ಲದೆ ಪೀಪಾಯಿಗಳಲ್ಲಿ ಉತ್ತರಕ್ಕೆ ಹೋಗಿ, ಅಲ್ಲಿನ ತೆಳ್ಳನೆಯ ರಸಕ್ಕೆ ಬೆರಕೆಯಾಯಿತು. ಎರಡನೆಯ ಮಹಾಯುದ್ಧದ ತರುವಾಯ ಹಳ್ಳಿಗರು ಕಾರ್ಖಾನೆಗಳ ಪಟ್ಟಣಗಳಿಗೆ ನಡೆದರು. 1963ರ ಶಾಸನವು ಸ್ಥಳನಾಮಗಳಿಗೆ ರಕ್ಷಣೆಯನ್ನು ಕೊಟ್ಟುದು ಒಳ್ಳೆಯ ಕೆಲಸವೇ. ಆದರೆ 1967ರಲ್ಲಿ ಕಿಯಾಂತಿಗೆ ನಿಯಮಗಳನ್ನು ಬರೆದವರು ಬಿಳಿಯ ದ್ರಾಕ್ಷಿಯನ್ನು ನೂರಕ್ಕೆ 10ರಿಂದ 30ರವರೆಗೆ ಕಡ್ಡಾಯಮಾಡಿದರು. ರಿಕಾಸೊಲಿಯು ನಿತ್ಯದ ಊಟಕ್ಕೆಂದು ಹೇಳಿದುದು ಎಲ್ಲ ಕಿಯಾಂತಿಗೂ ಕಟ್ಟಳೆಯಾಯಿತು, ರಸ ತೆಳುವಾಯಿತು. ಮನಸ್ಸಿಟ್ಟು ದುಡಿಯುವ ಕೆಲವರು ಕಿಯಾಂತಿ ಎಂಬ ಹೆಸರನ್ನೇ ಬಿಟ್ಟು, ಒಳ್ಳೆಯ ರಸವನ್ನು ಸಾಮಾನ್ಯ ರಸವೆಂದು ಬರೆದು ಮಾರಬೇಕಾಯಿತು.

ಎಲ್ಲಕ್ಕಿಂತ ಘೋರವಾದುದು 1986ರಲ್ಲಿ ನಡೆಯಿತು. ಅಗ್ಗದ ರಸಕ್ಕೆ ಅಮಲಿನ ಅಂಶವನ್ನು ಹೆಚ್ಚಿಸಿ ತೋರಿಸಲು ಲೋಭಿಗಳು ವಿಷವಾದ ಮೆಥನಾಲನ್ನು ಬೆರಸಿದರು. ಇಪ್ಪತ್ತು ಮಂದಿಗಿಂತ ಹೆಚ್ಚು ಜನರು ಸತ್ತರು. ಕೆಲವರು ಕಣ್ಣು ಕಳೆದುಕೊಂಡರು. ಯಾವ ಗುಡ್ಡದ್ದು, ಯಾರು ಹಿಂಡಿದ್ದು ಎಂದು ಯಾರೂ ಕೇಳದ ರಸದಲ್ಲಿ ವಿಷವು ಸುಲಭವಾಗಿ ಅಡಗಿತು. ಆ ಆಘಾತದಿಂದ ದೇಶವೇ ಎಚ್ಚತ್ತಿತು. 1992ರಲ್ಲಿ ಸ್ಥಳನಾಮಗಳ ಶಾಸನವನ್ನು ಹೊಸದಾಗಿ ಬರೆದರು. 2006ರ ಬೆಳೆಯಿಂದ ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿಯ ದ್ರಾಕ್ಷಿಗೆ ಎಡೆಯೇ ಇಲ್ಲವಾಯಿತು.

ಇಟಲಿಯ ರಸವನ್ನು ಆರಿಸುವವನು ನೂರಾರು ಹೆಸರುಗಳನ್ನು ಬಾಯಿಪಾಠಮಾಡಬೇಕಾಗಿಲ್ಲ. ಬಡಿಸಿದುದು ಯಾವ ಸೀಮೆಯ ಅಡಿಗೆ, ಅದರಲ್ಲಿ ಮುಂದಾಗಿರುವುದು ಜಿಡ್ಡೋ, ಹುಳಿಯೋ, ಸಿಹಿಯೋ ಎಂದು ನೋಡಿದರೆ ದಾರಿ ಬಹುಮಟ್ಟಿಗೆ ತಿಳಿಯುತ್ತದೆ. ಆ ಸೀಮೆಯ ಒಕ್ಕಲಿಗರು ತಲೆತಲಾಂತರದಿಂದ ಉಂಡು ಕುಡಿದು ಅದನ್ನು ಆಗಲೇ ಆರಿಸಿಟ್ಟಿದ್ದಾರೆ. ಆರಿಸುವವನು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ, ಇದು ಎಲ್ಲಿ ಬೆಳೆಯಿತು ಎಂಬುದು. ಅದನ್ನು ಕೇಳದೆ ಹೋದುದಕ್ಕೆ 1986ರಲ್ಲಿ ಇಟಲಿಯು ಪ್ರಾಣಗಳನ್ನೇ ತೆತ್ತಿತು.