ಸೂಚಿ ಯಾರ ಸ್ವತ್ತು?

ದೊಡ್ಡ ಗ್ರಂಥಗಳ ಕೊನೆಯಲ್ಲಿ ಅಕಾರಾದಿಯಾಗಿ ಶಬ್ದಸೂಚಿ ಇರುವುದನ್ನು ನೀವೆಲ್ಲ ಕಂಡಿದ್ದೀರಿ. ಅದಿಲ್ಲದಿದ್ದರೆ ಸಾವಿರ ಪುಟಗಳ ನಡುವೆ ಬೇಕಾದ ವಿಷಯ ದೊರೆಯುವುದು ದುರ್ಲಭ. ಅಂತರಜಾಲಕ್ಕೂ ಇಂಥ ಸೂಚಿಯೊಂದು ಬೇಕು. ಶೋಧಯಂತ್ರವು ಪುಟದಿಂದ ಪುಟಕ್ಕೆ ಸಾಗಿ ಯಾವ ಪದ ಎಲ್ಲಿದೆಯೆಂದು ದಾಖಲಿಸಿಕೊಳ್ಳುತ್ತದೆ. ನಾವು ಕೇಳಿದಾಗ ಯಾವುದು ಮೊದಲು, ಯಾವುದು ಅನಂತರ ಎಂದು ತೀರ್ಮಾನಿಸಿ ಮುಂದಿಡುತ್ತದೆ. ಈ ತೀರ್ಮಾನದ ಅಧಿಕಾರ ಯಾರ ಕೈಯಲ್ಲಿರಬೇಕು?

ಈ ಪ್ರಶ್ನೆಯನ್ನು ಎತ್ತಿದವರಲ್ಲಿ ಗೂಗಲ್ ಸಂಸ್ಥಾಪಕರೇ ಇದ್ದರೆಂಬುದು ಸ್ವಾರಸ್ಯದ ಸಂಗತಿ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸರ್ಗೇ ಬ್ರಿನ್ ಹಾಗೂ ಲ್ಯಾರಿ ಪೇಜ್ ತಮ್ಮ ಪ್ರಬಂಧದಲ್ಲಿ, ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರ ಜಾಹೀರಾತುದಾರರ ಕಡೆಗೆ ವಾಲದೆ ಇರದು, ಆದ್ದರಿಂದ ವಿದ್ವತ್‌ಕ್ಷೇತ್ರದಲ್ಲಿ ಪಾರದರ್ಶಕವಾದ ಯಂತ್ರವೊಂದು ಅಗತ್ಯ ಎಂದು ವಾದಿಸಿದ್ದರು. 2000ದಲ್ಲಿ ಅವರ ಸಂಸ್ಥೆಯೇ ಜಾಹೀರಾತಿನ ಹಾದಿ ಹಿಡಿಯಿತು.

2002ರಲ್ಲಿ ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ಎಂಬಿಬ್ಬರು ‘ನಚ್’ ಎಂಬ ಮುಕ್ತ ಶೋಧಯಂತ್ರವನ್ನು ಕಟ್ಟತೊಡಗಿದರು. ಅದರ ಒಳಗುಟ್ಟೆಲ್ಲ ಬಯಲು. ಒಂದು ಪುಟ ಏಕೆ ಮೇಲೆ ಬಂತೆಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದಾಗಿತ್ತು. ಆದರೆ ಕೋಟಿಗಟ್ಟಲೆ ಪುಟಗಳ ಭಾರ ಹೊರಲು ಅನೇಕ ಕಂಪ್ಯೂಟರುಗಳು ಒಂದಾಗಿ ದುಡಿಯಬೇಕಷ್ಟೆ. ಅದಕ್ಕೆಂದು ರಚಿಸಿದ ಭಾಗವನ್ನು 2006ರಲ್ಲಿ ಬೇರ್ಪಡಿಸಿ, ಕಟಿಂಗ್ ಅವರ ಮಗನ ಆಟಿಕೆಯ ಆನೆಯ ಹೆಸರನ್ನೇ ಇಟ್ಟರು: ‘ಹಡೂಪ್’. ಯಾಹೂ ಅದನ್ನು ಬೆಳೆಸಿತು. ಫೇಸ್‌ಬುಕ್ಕಿನಂಥ ಸಂಸ್ಥೆಗಳು ಬಳಸಿಕೊಂಡವು. ಊರಿಗೆಂದು ತೋಡಿದ ಬಾವಿಯ ನೀರು ದೊಡ್ಡವರ ತೋಟಗಳಿಗೆ ಹರಿದಂತಾಯಿತು.

2008ರಲ್ಲಿ ವಿಕಿಪೀಡಿಯ ಖ್ಯಾತಿಯ ಜಿಮ್ಮಿ ವೇಲ್ಸ್ ಜನರ ನೆರವಿನಿಂದ ಮುಕ್ತ ಶೋಧಯಂತ್ರವೊಂದನ್ನು ನಡೆಸಲು ಹೊರಟರು. ಮರುವರ್ಷವೇ ಅದು ನಿಂತುಹೋಯಿತು. ವಿಶ್ವಕೋಶದ ಲೇಖನ ಒಮ್ಮೆ ಬರೆದರೆ ಬಹುಕಾಲ ಬಾಳುತ್ತದೆ. ಅಂತರಜಾಲದ ಸೂಚಿಯಾದರೋ ದಿನದಿನವೂ ಹಳಸುತ್ತದೆ. ಅದನ್ನು ಹೊಸದಾಗಿಡಲು ಜಾಣ್ಮೆಯೊಂದೇ ಸಾಲದು, ಎಡೆಬಿಡದ ವೆಚ್ಚವೂ ಬೇಕು.

ಈ ಪಾಠವನ್ನು ಅರಿತಂತೆ, 2022ರಲ್ಲಿ ಯುರೋಪಿನ 14 ಸಂಸ್ಥೆಗಳು ಐರೋಪ್ಯ ಒಕ್ಕೂಟದ ಧನಸಹಾಯದಿಂದ ಮುಕ್ತ ಸೂಚಿಯೊಂದನ್ನು ಕಟ್ಟಲು ಕೈಹಾಕಿದವು. ಸೂಚಿ ಸಾರ್ವಜನಿಕವಾದರೆ, ಅದರ ಮೇಲೆ ಶೋಧಯಂತ್ರಗಳನ್ನು ಹಲವರು ರಚಿಸಿಕೊಳ್ಳಬಹುದೆಂಬುದು ಅವರ ಆಶಯ. 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆ ಮೊಳೆತ ಜಿನೀವಾದ ಸರ್ನ್ ಕೂಡ ಅವುಗಳಲ್ಲೊಂದು.

ಸೂಚಿಯಲ್ಲಿಲ್ಲದ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ. ಆದಕಾರಣವೇ ಗ್ರಂಥಾಲಯದ ಸೂಚಿಯ ಖರ್ಚನ್ನು ಸಮಾಜ ಹೊರುತ್ತ ಬಂದಿದೆ. ಅಂತರಜಾಲದ ಸೂಚಿಗೂ ಆ ಹೊಣೆಯನ್ನು ಹೊರದಿದ್ದರೆ, ನಾವು ಏನನ್ನು ಓದಬೇಕೆಂಬುದನ್ನು ಖರ್ಚು ಹೊತ್ತವರೇ ನಿರ್ಧರಿಸುತ್ತಾರೆ.