ಮೈಯೊಳಗೆ ಅಯಸ್ಕಾಂತ ನಡೆದು ಬಂದ ದಾರಿ

ದೇಹಕ್ಕೆ ಹೊಕ್ಕ ಬಾಣದ ಮೊನೆ, ಮುಳ್ಳು, ಚೂರುಗಳನ್ನು ಹೊರತೆಗೆಯಲು ಸುಶ್ರುತ ಸಂಹಿತೆ ಹದಿನೈದು ಉಪಾಯಗಳನ್ನು ಹೇಳುತ್ತದೆ. ಅವುಗಳಲ್ಲಿ ಅಯಸ್ಕಾಂತವೂ ಒಂದು. ಹೆಸರು ಹೇಳಿ ಸುಮ್ಮನಾಗದೆ ಷರತ್ತುಗಳನ್ನೂ ಹಾಕಿರುವುದು ವಿಶೇಷ. ಚೂರು ಹೊಕ್ಕ ದಾರಿಯಲ್ಲೇ ನೇರವಾಗಿರಬೇಕು, ಎಲ್ಲೂ ಕಚ್ಚಿಕೊಂಡಿರಬಾರದು, ಅದಕ್ಕೆ ಕೊಕ್ಕೆ ಇರಬಾರದು, ಗಾಯದ ಬಾಯಿ ಅಗಲವಾಗಿರಬೇಕು. ಅಯಸ್ಕಾಂತ ಎಳೆಯಬಲ್ಲದು, ಆದರೆ ದಾರಿ ಮಾಡಿಕೊಳ್ಳಲಾರದು ಎಂಬುದನ್ನು ಆ ವೈದ್ಯರು ಕಂಡುಕೊಂಡಿದ್ದರು. ಮುಂದಿನ ಶತಮಾನಗಳ ಬಹುಪಾಲು ಪ್ರಯತ್ನ ಈ ಷರತ್ತುಗಳನ್ನು ದಾಟುವುದಕ್ಕಾಗಿಯೇ ನಡೆಯಿತು ಎಂದು ನನಗೆ ಅನ್ನಿಸುತ್ತದೆ.

ಯುರೋಪಿನಲ್ಲಿ ಈ ಚರಿತ್ರೆ ಕಣ್ಣಿನಿಂದ ಶುರುವಾಗುತ್ತದೆ. 1624ರಲ್ಲಿ ಬರ್ನ್ ನಗರದಲ್ಲಿ ಒಬ್ಬನ ಕಣ್ಣಿಗೆ ಉಕ್ಕಿನ ಚೂರು ಹೊಕ್ಕಿತ್ತು. ಹೆಸರಾಂತ ಶಸ್ತ್ರವೈದ್ಯ ಫ್ಯಾಬ್ರಿಷಿಯಸ್ ಹಿಲ್ಡಾನಸ್ ತನ್ನ ಸಲಕರಣೆಗಳಿಂದ ಅದನ್ನು ತೆಗೆಯಲಾಗದೆ ಸೋತಾಗ ಅಯಸ್ಕಾಂತ ಬಳಸುವ ಉಪಾಯ ಹೇಳಿದವಳು ಅವನ ಹೆಂಡತಿ ಮೇರಿ ಕೊಲಿನೆ. ಉಪಾಯ ಅವಳದೇ ಎಂದು ಅವನು ಬರೆದಿಟ್ಟಿದ್ದರಿಂದ ಅವಳ ಹೆಸರು ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳಲ್ಲಿ ಕಣ್ಣಿಗೆ ಕಬ್ಬಿಣದ ಚೂರು ಸಿಡಿಯುವುದು ನಿತ್ಯದ ಅಪಘಾತವಾಯಿತು. ಆಗ ಬರ್ಲಿನ್ನಿನ ಹಿರ್ಷ್‌ಬರ್ಗ್ ವಿದ್ಯುತ್ಕಾಂತವನ್ನು ಬಳಕೆಗೆ ತಂದರು. 1892ರಲ್ಲಿ ಜ್ಯೂರಿಕ್‌ನ ಹಾಬ್ ರೋಗಿಯ ಮುಖದೆದುರು ಭಾರೀ ಗಾತ್ರದ ವಿದ್ಯುತ್ಕಾಂತವನ್ನೇ ನಿಲ್ಲಿಸಿದರು.

ಅಷ್ಟು ದೊಡ್ಡದು ಬೇಕಾದದ್ದೇಕೆ? ದೂರ ಎರಡರಷ್ಟಾದರೆ ಸಣ್ಣ ಅಯಸ್ಕಾಂತದ ಕ್ಷೇತ್ರ ಎಂಟನೇ ಒಂದಕ್ಕೆ ಇಳಿಯುತ್ತದೆ. ಎರಡು ಸಣ್ಣ ಅಯಸ್ಕಾಂತಗಳ ನಡುವಿನ ಸೆಳೆತವಂತೂ ಹದಿನಾರನೇ ಒಂದಕ್ಕೆ ಕುಸಿಯುತ್ತದೆ. ಕಣ್ಣಿನ ಆಳ ಎರಡೂವರೆ ಸೆಂಟಿಮೀಟರಿನಷ್ಟು. ಹೃದಯ, ಮಿದುಳು, ಕರುಳು ಹಾಗಲ್ಲ. ಸಾಲದ್ದಕ್ಕೆ, ಹೊರಗಿನ ಸ್ಥಿರ ಅಯಸ್ಕಾಂತಗಳಿಂದಷ್ಟೇ ಒಂದು ಕಬ್ಬಿಣದ ತುಣುಕನ್ನು ನಡುವೆ ಅಲುಗದಂತೆ ತೇಲಿಸಿ ನಿಲ್ಲಿಸಲಾಗದು. 1842ರಲ್ಲೇ ಅರ್ನ್‌ಶಾ ಕಂಡುಕೊಂಡ ನಿಯಮ ಇದಕ್ಕೂ ಅನ್ವಯಿಸುತ್ತದೆ. ತುಣುಕು ಯಾವುದಾದರೊಂದು ಬದಿಗೆ ಜಾರಿಯೇ ಜಾರುತ್ತದೆ.

1951ರಲ್ಲಿ ಟಿಲಾಂಡರ್ ಎಂಬವರು ಉಕ್ಕಿನ ತುದಿಯ ಕ್ಯಾತಿಟರನ್ನು, ಅಂದರೆ ಮೆತ್ತಗಿನ ತೆಳು ಕೊಳವೆಯನ್ನು, ಹೊರಗಿನ ಅಯಸ್ಕಾಂತದಿಂದ ರಕ್ತನಾಳದೊಳಗೆ ತಿರುಗಿಸುವ ಪ್ರಯೋಗ ಮಾಡಿದರು. ಅರವತ್ತರ ದಶಕದಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಫ್ರೈ ತಂಡ ಅದನ್ನು ಮುಂದುವರಿಸಿತು. ಎಂಬತ್ತರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ನರಶಸ್ತ್ರವೈದ್ಯರೂ ಭೌತವಿಜ್ಞಾನಿಗಳೂ ಸೇರಿ ಎಲ್ಲಕ್ಕಿಂತ ಧೈರ್ಯದ ಯೋಜನೆ ಹಾಕಿದರು. ಕಾಳಿನಷ್ಟು ಅಯಸ್ಕಾಂತವನ್ನು ಮಿದುಳಿನೊಳಗೆ ನಡೆಸಿ, ಗಡ್ಡೆಗೆ ತಲುಪಿಸಿ, ಅಲ್ಲಿ ಬಿಸಿಮಾಡಿ ಗಡ್ಡೆಯನ್ನು ಸುಡುವುದು ಅವರ ಗುರಿ. ಆ ರೂಪದಲ್ಲಿ ಅದು ಚಿಕಿತ್ಸೆಯಾಗಲಿಲ್ಲ. ಆದರೆ ಆ ಕೆಲಸದಿಂದಲೇ 1990ರಲ್ಲಿ ಸ್ಟೀರಿಯೋಟ್ಯಾಕ್ಸಿಸ್ ಎಂಬ ಕಂಪನಿ ಹುಟ್ಟಿತು.

ಈ ಚರಿತ್ರೆಯ ನಿಜವಾದ ತಿರುವು ಇಲ್ಲಿದೆ. ಎಳೆಯುವ ಹಟ ಬಿಟ್ಟು, ತಿರುಗಿಸುವುದಷ್ಟನ್ನೇ ಅಯಸ್ಕಾಂತಕ್ಕೆ ವಹಿಸಲಾಯಿತು. ಎಲ್ಲೆಡೆ ಒಂದೇ ಸಮನಾದ ಕ್ಷೇತ್ರ ಏನನ್ನೂ ಎಳೆಯುವುದಿಲ್ಲ, ದಿಕ್ಸೂಚಿಯ ಮುಳ್ಳನ್ನು ಹೇಗೋ ಹಾಗೆ ತನ್ನ ದಿಕ್ಕಿಗೆ ತಿರುಗಿಸುತ್ತದೆ. ಅದಕ್ಕೆ ದೈತ್ಯ ಬಲ ಬೇಡ. ಎಂಬತ್ತರ ದಶಕದಲ್ಲೇ ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿದ ಚಿಕ್ಕ ಆದರೆ ಬಲವಾದ ಅಯಸ್ಕಾಂತಗಳೂ ಬಂದವು. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ನಿಯೋಬಿ ಯಂತ್ರದಲ್ಲಿ ರೋಗಿಯ ಎರಡೂ ಬದಿಗೆ ಅಂಥ ಎರಡು ದೊಡ್ಡ ಅಯಸ್ಕಾಂತಗಳಿರುತ್ತವೆ. ಅವು ಹೃದಯದ ಸುತ್ತ ಉಂಟುಮಾಡುವ ಕ್ಷೇತ್ರ ಸುಮಾರು 0.08 ಟೆಸ್ಲಾ ಮಾತ್ರ. ಸಾಮಾನ್ಯ ಎಂಆರ್‌ಐ ಯಂತ್ರದ್ದು 1.5 ಟೆಸ್ಲಾ. ಕ್ಯಾತಿಟರನ್ನು ಮುಂದಕ್ಕೆ ತಳ್ಳುವುದು ಮೋಟಾರು, ತುದಿಯನ್ನು ತಿರುಗಿಸುವುದು ಕ್ಷೇತ್ರ. ವೈದ್ಯರು ಪಕ್ಕದ ಕೋಣೆಯಲ್ಲಿ ಕೂತು, ಹೃದಯದ ಬಡಿತ ತಪ್ಪಿಸುವ ಜಾಗವನ್ನು ಹುಡುಕಿ ಸುಡುತ್ತಾರೆ. ಮೆತ್ತಗಿನ ಕ್ಯಾತಿಟರಿನಿಂದ ಹೃದಯದ ಗೋಡೆ ತೂತಾಗುವ ಭಯ ಕಡಿಮೆ, ಎಕ್ಸ್‌ರೇ ತಗಲುವುದೂ ಕಡಿಮೆ. ಆದರೆ ಸಮಯ ಹೆಚ್ಚು ಹಿಡಿಯುತ್ತದೆ, ವಿಶೇಷ ಕೋಣೆ ಬೇಕು, ಬೆಲೆಯೂ ದೊಡ್ಡದು. ಇದು ಎಲ್ಲೆಡೆ ಹರಡದಿರುವುದಕ್ಕೆ ಕಾರಣ ವಿಜ್ಞಾನಕ್ಕಿಂತ ಹಣವೇ ಎಂಬುದು ನನ್ನ ಎಣಿಕೆ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಬೇರೆ ಜಾಡು. ಚಿಲಿ ದೇಶದ ಶಸ್ತ್ರವೈದ್ಯ ಆಲ್ಬರ್ಟೊ ರೊಡ್ರಿಗೆಜ್ ನವಾರೊ ರೂಪಿಸಿದ ಲೆವಿಟಾ ಸಾಧನಕ್ಕೆ 2016ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಪಿತ್ತಕೋಶಕ್ಕೆ ಒಂದು ಕ್ಲಿಪ್ ಕಚ್ಚಿಸಿ, ಹೊಟ್ಟೆಯ ಮೇಲೆ ಹಿಡಿದ ಅಯಸ್ಕಾಂತದಿಂದ ಅದನ್ನು ಎತ್ತಿ ಸರಿಸುತ್ತಾರೆ. ಇದರಿಂದ ಹೊಟ್ಟೆಗೆ ಕೊರೆಯುವ ತೂತುಗಳಲ್ಲಿ ಒಂದು ಕಡಿಮೆಯಾಗುತ್ತದೆ. ಮೊದಲ ಒಪ್ಪಿಗೆ ದೇಹತೂಕದ ಸೂಚ್ಯಂಕ (ಬಿಎಂಐ) 20ರಿಂದ 34ರ ಒಳಗಿನವರಿಗಷ್ಟೇ ಇತ್ತು. ಹೊಟ್ಟೆಯ ಗೋಡೆ ದಪ್ಪವಾದಷ್ಟೂ ಸೆಳೆತ ಸೋಲುತ್ತದೆ, ಮತ್ತೆ ಅದೇ ದೂರದ ಲೆಕ್ಕ.

ದೂರವೇ ಇಲ್ಲದಲ್ಲಿ ಸೆಳೆತ ಅಪಾರ. ಅನ್ನನಾಳದ ಎರಡು ತುಂಡು ಕೂಡದೆ ಹುಟ್ಟಿದ ಕೆಲವು ಕೂಸುಗಳಿಗೆ ಬಾಯಿಯಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು ಅಯಸ್ಕಾಂತ ಇಳಿಸಿದರೆ, ಕೆಲವು ದಿನಗಳಲ್ಲಿ ಅವು ಒಂದನ್ನೊಂದು ಸೇರಿ ನಾಳವನ್ನು ಬೆಸೆಯುತ್ತವೆ. ಇದಕ್ಕೆ 2017ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಬೆಸೆದ ಜಾಗ ಕಿರಿದಾಗುವ ತೊಂದರೆಯೂ ನಂತರ ಕಂಡುಬಂತು. ಇದೇ ಬಲ ಮನೆಯಲ್ಲಿ ಮಕ್ಕಳ ಜೀವಕ್ಕೆ ಎರವಾಗುತ್ತದೆ. ಆಟಿಕೆಯ ಪುಟ್ಟ ಅಯಸ್ಕಾಂತದ ಗುಂಡುಗಳನ್ನು ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಗೋಡೆ ಅವುಗಳ ನಡುವೆ ಸಿಕ್ಕಿ ತೂತು ಬೀಳಬಹುದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಕೈಗೆ ಸಿಗದ ಸ್ತನದ ಗಂಟನ್ನು ಗುರುತಿಸಲು ಐದು ಮಿಲಿಮೀಟರ್ ಉದ್ದದ ಕಾಂತೀಯ ಗುರುತನ್ನು ಮೊದಲೇ ಇಟ್ಟು, ಶಸ್ತ್ರಚಿಕಿತ್ಸೆಯ ದಿನ ಸಂವೇದಕದಿಂದ ಹುಡುಕುವ ಕ್ರಮ ಈಗ ಹಲವು ದೇಶಗಳಲ್ಲಿದೆ. ಚರ್ಮದಿಂದ ಹೊರಚಾಚಿದ ತಂತಿಯೊಂದಿಗೆ ರೋಗಿ ಕಾಯಬೇಕಾದ ಹಿಂಸೆ ಇದರಿಂದ ತಪ್ಪಿತು. ಸದ್ದಿಲ್ಲದೆ ಬಂದ ಈ ಸಣ್ಣ ಸುಧಾರಣೆಗೆ ಇನ್ನಷ್ಟು ಮೆಚ್ಚುಗೆ ಸಲ್ಲಬೇಕಿತ್ತು.

ಈಗಿನ ಕುತೂಹಲವೆಲ್ಲ ಸೂಕ್ಷ್ಮಯಂತ್ರಗಳ ಮೇಲೆ. 2009ರಲ್ಲಿ ಅಂಬರೀಶ್ ಘೋಷ್ ಮತ್ತು ಪೀರ್ ಫಿಶರ್, ತಿರುಗುವ ಕಾಂತಕ್ಷೇತ್ರದಲ್ಲಿ ತಿರುಪಿನಂತೆ ಮುಂದೆ ಸಾಗುವ ನ್ಯಾನೋ ಗಾತ್ರದ ಸುರುಳಿಗಳನ್ನು ತೋರಿಸಿದರು. ಇಲ್ಲೂ ಎಳೆತವಿಲ್ಲ, ತಿರುಗುವಿಕೆಯೇ ನಡಿಗೆ. ಘೋಷ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಅಲ್ಲಿನ ತಂಡವೂ ಥೆರನಾಟಿಲಸ್ ಎಂಬ ಬೆಂಗಳೂರಿನ ನವೋದ್ಯಮವೂ ಸೇರಿ, ಕಬ್ಬಿಣ ಲೇಪಿಸಿದ ಸಿಲಿಕಾ ಸುರುಳಿಗಳನ್ನು ಹಲ್ಲಿನೊಳಗಿನ ಅತಿ ಸಣ್ಣ ನಳಿಕೆಗಳಿಗೆ ನುಗ್ಗಿಸಿ, ಕಾವಿನಿಂದ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಹುದೆಂದು 2022ರಲ್ಲಿ ತೋರಿಸಿದವು. ರೂಟ್ ಕೆನಾಲ್ ಮಾಡಿಸಿದ ಮೇಲೂ ಸೋಂಕು ಮರಳಲು ಈ ನಳಿಕೆಗಳಲ್ಲಿ ಅಡಗಿದ ಬ್ಯಾಕ್ಟೀರಿಯಾಗಳೂ ಒಂದು ಕಾರಣ. ಹಲ್ಲನ್ನು ಆರಿಸಿಕೊಂಡದ್ದು ಜಾಣ್ಮೆ. ಅಲ್ಲಿ ರಕ್ತದ ಹರಿವಿನ ಎದುರು ಈಜಬೇಕಿಲ್ಲ, ಹೊರಗಿನ ಸಾಧನ ಬಾಯಿಯ ಹತ್ತಿರವೇ ಇರುತ್ತದೆ.

ರಕ್ತನಾಳದಲ್ಲಿ ಈ ಯಂತ್ರಗಳನ್ನು ನಡೆಸಲು ಹೊರಟವರು ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ಅವು ಕಾಣುವುದು ಹೇಗೆ, ಹರಿವಿನಲ್ಲಿ ನಿಲ್ಲುವುದು ಹೇಗೆ, ಕೆಲಸ ಮುಗಿದ ಮೇಲೆ ಕರಗುವುದು ಹೇಗೆ. ಜ್ಯೂರಿಕ್‌ನ ಬ್ರಾಡ್ಲಿ ನೆಲ್ಸನ್ ತಂಡ ಹಂದಿ, ಕುರಿಗಳ ಮೇಲೆ ಪ್ರಯೋಗ ಮಾಡಿದ ಜೆಲ್ ಗುಳಿಗೆಗಳು ಈ ಮೂರಕ್ಕೂ ಉತ್ತರದ ಪ್ರಯತ್ನ. ಮನುಷ್ಯರ ಮೇಲಿನ ಪರೀಕ್ಷೆಗಳು ಮುಗಿದು ಫಲಿತಾಂಶ ಕೈಗೆ ಬರುವವರೆಗೆ ಇವನ್ನು ಚಿಕಿತ್ಸೆ ಎಂದು ಕರೆಯುವುದು ತಪ್ಪು. ಜಾಹೀರಾತು ಹಾಗೆ ಕರೆದರೆ ಓದುಗರು ನಂಬಬಾರದು.